ಮತದಾರರ ಪಟ್ಟಿಗೆ ಹೆಸರು ಸೇರಿಸಿ ಹೊರಡು

ತಂಗಿ,

ಇಂಗ್ಲೆಂಡಿನಲ್ಲಿ ರಾಜ್ಯಶಾಸ್ತ್ರದ ಬಿ.ಎ.ಗೆ ಸೀಟು ಸಿಕ್ಕಿದೆ, ಸೆಪ್ಟೆಂಬರಿನಲ್ಲಿ ಹೊರಡುತ್ತೇನೆ ಎಂದು ಬರೆದಿದ್ದೀಯ. ತುಂಬಾ ಸಂತೋಷ. ಚಳಿ, ಕೋಣೆ, ಇಂಗ್ಲಿಷು, ಓದು, ಮುಂದಿನ ಕೆಲಸ ಎಲ್ಲವನ್ನೂ ವಿಚಾರಿಸಿ ಕೊನೆಗೊಂದು ಸಾಲು ಸೇರಿಸಿದ್ದೀಯ: "ಅಲ್ಲಿನ ರಾಜಕೀಯ ನಮಗೆ ಬರೀ ನೋಡುವುದಕ್ಕೆ ತಾನೇ ಅಕ್ಕಾ? ಅದಕ್ಕೆಲ್ಲ ಕೈ ಹಾಕಬೇಡ ಎಂದು ಅಮ್ಮ ಹೇಳುತ್ತಿದ್ದಾರೆ." ನಾನು ಬರೆಯಲು ಕುಳಿತದ್ದೇ ಆ ಸಾಲಿಗಾಗಿ. ಉಳಿದವನ್ನು ಬೇಗ ಮುಗಿಸಿಬಿಡುತ್ತೇನೆ.

ಚಳಿಯ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ದಪ್ಪ ಕೋಟನ್ನು ಅಲ್ಲಿಂದ ಹೊತ್ತು ತರಬೇಡ, ಇಲ್ಲೇ ಕೊಂಡುಕೊ. ಮೊದಲ ವರ್ಷ ವಿಶ್ವವಿದ್ಯಾಲಯದ ವಸತಿಯಲ್ಲೇ ಇರು. ದುಡ್ಡಿನ ವಿಷಯವನ್ನು ಮಾತ್ರ ಮನೆಯವರ ಜೊತೆ ಕುಳಿತು ಲೆಕ್ಕ ಹಾಕು. ಇಂಗ್ಲೆಂಡಿನ ಮಕ್ಕಳಿಗೆ 2025-26ರ ಗರಿಷ್ಠ ಶುಲ್ಕ ವರ್ಷಕ್ಕೆ 9,535 ಪೌಂಡ್. ನಮ್ಮಂಥವರಿಂದ ಅದರ ಎರಡರಷ್ಟು, ಮೂರರಷ್ಟು ತೆಗೆದುಕೊಳ್ಳುತ್ತಾರೆ. ಆರೋಗ್ಯ ಸೇವೆಗೆಂದು ವರ್ಷಕ್ಕೆ 776 ಪೌಂಡಿನಂತೆ ಇಡೀ ಅವಧಿಯ ಹಣವನ್ನು ವೀಸಾ ಅರ್ಜಿಯ ಜೊತೆಗೇ ಕಟ್ಟಬೇಕು. ತರಗತಿ ನಡೆಯುವ ತಿಂಗಳುಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಬಹುದು, ಅದರಿಂದ ಕೈಖರ್ಚು ನಡೆದೀತು, ಶುಲ್ಕ ಹುಟ್ಟುವುದಿಲ್ಲ. ಹುಟ್ಟುತ್ತದೆ ಎಂದು ಯಾವ ಏಜೆಂಟಾದರೂ ಹೇಳಿದ್ದರೆ ಅವನ ಸಹವಾಸ ಬಿಡು.

ನಿನ್ನ ಇಂಗ್ಲಿಷು ಸಾಕು. ಪಾಠದ ಹೊತ್ತು ವಾರಕ್ಕೆ ಹತ್ತು ಗಂಟೆಯ ಆಚೀಚೆ ಇರುತ್ತದೆ. ಇಷ್ಟು ದುಡ್ಡಿಗೆ ಇಷ್ಟೇ ಪಾಠವೇ ಎಂದು ಅಪ್ಪ ಕೇಳಿಯೇ ಕೇಳುತ್ತಾರೆ. ಉಳಿದ ಹೊತ್ತೆಲ್ಲ ಓದಿಗೆ. ಓದದೆ ಹತ್ತು ಹದಿನೈದು ಜನರ ಚರ್ಚಾ ತರಗತಿಗೆ ಹೋಗಿ ಕುಳಿತರೆ ಅಡಗಿಕೊಳ್ಳಲು ಹಿಂದಿನ ಬೆಂಚು ಇರುವುದಿಲ್ಲ. ಇನ್ನೊಂದು ಮಾತು ಮನೆಯಲ್ಲಿ ಈಗಲೇ ತಿಳಿಸಿಡು: ಇಲ್ಲಿ 70 ಬಂದರೆ ಪ್ರಥಮ ದರ್ಜೆ, 60ರಿಂದ 69 ಬಂದರೂ ಗೌರವದ ಅಂಕವೇ. ಪಿಯುಸಿಯಲ್ಲಿ 95 ತೆಗೆದವಳು 62 ಎಂದು ಫೋನಿನಲ್ಲಿ ಹೇಳಿದರೆ ಅಲ್ಲಿ ಊಟ ಬಿಟ್ಟು ಕುಳಿತಾರು.

ಆ ಅಂಕಗಳ ಹಿಂದಿನ ಗುಟ್ಟು ನನಗೆ ತಿಳಿಯಲು ಒಂದು ವರ್ಷವೇ ಬೇಕಾಯಿತು. ನಾನು ಬಂದದ್ದು 2004ರ ಸೆಪ್ಟೆಂಬರಿನಲ್ಲಿ. ಮೊದಲ ಪ್ರಬಂಧ ಬ್ರಿಟನ್ನಿನ ಚುನಾವಣಾ ಪದ್ಧತಿಯ ಮೇಲಿತ್ತು. ನಮ್ಮ ಪಠ್ಯಪುಸ್ತಕದ ಕ್ರಮದಲ್ಲೇ ಅರ್ಥ, ಲಕ್ಷಣ, ಗುಣ, ದೋಷ, ಉಪಸಂಹಾರ ಎಂದು ಅಚ್ಚುಕಟ್ಟಾಗಿ ಬರೆದುಕೊಟ್ಟೆ. ಹಿಂದಕ್ಕೆ ಬಂದ ಹಾಳೆಗಳಲ್ಲಿ ಪ್ರತಿಯೊಂದು ಗುಣದ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ "ಯಾರಿಗೆ?" ಎಂದಿತ್ತು. ದೋಷಗಳ ಪಕ್ಕದಲ್ಲೂ "ಯಾರಿಗೆ?" ಕೊನೆಯ ಪುಟದಲ್ಲಿ ಒಂದೇ ಸಾಲು: ನಿನ್ನ ವಾದ ಎಲ್ಲಿದೆ? ವಿಷಯವನ್ನು ವಿವರಿಸಿದ್ದಕ್ಕೆ ಅಂಕ ಇಲ್ಲ, ಒಂದು ನಿಲುವು ಹಿಡಿದು ಅದನ್ನು ಸಾಧಿಸಿ ತೋರಿಸಿದ್ದಕ್ಕೆ ಅಂಕ.

2005ರ ಮೇ 5ರಂದು ಇಲ್ಲಿ ಸಂಸತ್ತಿನ ಚುನಾವಣೆ ನಡೆಯಿತು. ಲೇಬರ್ ಪಕ್ಷ ಶೇ. 35ರಷ್ಟು ಮತ ಪಡೆದು 646 ಸ್ಥಾನಗಳಲ್ಲಿ 355 ಗೆದ್ದು ಸರ್ಕಾರ ಉಳಿಸಿಕೊಂಡಿತು. ಮರುವಾರದ ತರಗತಿಯಲ್ಲಿ ಇದು ನ್ಯಾಯವೇ ಎಂಬ ಚರ್ಚೆ ಎದ್ದಾಗ ನನಗೆ ಥಟ್ಟನೆ ಹೊಳೆದದ್ದು ಹಿಂದಿನ ವರ್ಷದ ನಮ್ಮ ವಿಧಾನಸಭೆ. ಅಲ್ಲೂ ಕಾಂಗ್ರೆಸ್ಸಿಗೆ ಬಂದದ್ದು ಅದೇ ಶೇ. 35. ಆದರೆ ಸ್ಥಾನ 224ರಲ್ಲಿ 65 ಮಾತ್ರ. ಶೇ. 28ರಷ್ಟು ಮತ ಪಡೆದ ಬಿಜೆಪಿಗೆ 79. ಹೀಗಿದ್ದೂ ಮುಖ್ಯಮಂತ್ರಿಯಾದವರು ಕಾಂಗ್ರೆಸ್ಸಿನ ಧರ್ಮಸಿಂಗ್, 58 ಸ್ಥಾನಗಳ ಜಾತ್ಯತೀತ ಜನತಾದಳದ ಕೈ ಹಿಡಿದು. ಇಷ್ಟನ್ನು ಹೇಳಿ ಮುಗಿಸುವಷ್ಟರಲ್ಲಿ ಎಲ್ಲರೂ ನನ್ನ ಕಡೆ ತಿರುಗಿದ್ದರು. ಅಧ್ಯಾಪಕರು ಕೇಳಿದ್ದು ಒಂದೇ ಮಾತು: ಕ್ಷೇತ್ರದಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ಒಂದೇ ಪದ್ಧತಿ, ಒಂದೇ ಪ್ರಮಾಣದ ಮತ, ಇಲ್ಲಿ ಬಹುಮತ, ಅಲ್ಲಿ ಎರಡನೆಯ ಸ್ಥಾನ, ಏಕೆ?

ಉತ್ತರ ಹುಡುಕಲು ಕ್ಷೇತ್ರವಾರು ಅಂಕಿಗಳ ಮುಂದೆ ಕುಳಿತೆ. ಎಷ್ಟು ಮತ ಬಂತು ಎನ್ನುವುದಕ್ಕಿಂತ ಎಲ್ಲೆಲ್ಲಿ ಬಂತು ಎನ್ನುವುದು ಮುಖ್ಯ. ಕಾಂಗ್ರೆಸ್ಸಿನ ಮತ ರಾಜ್ಯದ ಉದ್ದಗಲಕ್ಕೂ ತೆಳ್ಳಗೆ ಹರಡಿತ್ತು. ದಳದ ಮತ ಹಳೆಯ ಮೈಸೂರಿನಲ್ಲಿ, ಬಿಜೆಪಿಯದು ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಉತ್ತರದ ಜಿಲ್ಲೆಗಳಲ್ಲಿ ಗಟ್ಟಿಯಾಗಿ ನಿಂತಿತ್ತು. ಇಲ್ಲಿ ಲೇಬರ್ ಪಕ್ಷದ ಮತ ಬೇಕಾದ ಕಡೆ ಬೇಕಾದಷ್ಟೇ ಬಿದ್ದಿತ್ತು. ಆ ಪ್ರಬಂಧದಲ್ಲಿ "ಯಾರಿಗೆ?" ಎಂದು ಯಾರೂ ಬರೆಯಲಿಲ್ಲ, ಏಕೆಂದರೆ ಯಾರಿಗೆ ಎಂಬುದನ್ನೇ ನಾನು ಬರೆದಿದ್ದೆ. ಹೆಮ್ಮೆ ಅನ್ನು ಬೇಕಾದರೆ, ಆ ಹಾಳೆಗಳು ಇಂದಿಗೂ ನನ್ನ ಬಳಿ ಇವೆ.

ಆದ್ದರಿಂದ ಹೊರಡುವ ಮೊದಲು ಇಂಗ್ಲೆಂಡಿನ ಬಗ್ಗೆ ಓದಬೇಡ, ಅದನ್ನು ಇವರೇ ಕಲಿಸುತ್ತಾರೆ. ಕರ್ನಾಟಕವನ್ನು ಓದು. 1974ರ ಭೂ ಸುಧಾರಣೆ ಏನು ಮಾಡಿತು, ಎಂಬತ್ತರ ದಶಕದಲ್ಲಿ ಪಂಚಾಯತ್ ರಾಜ್ ಸಚಿವ ನಜೀರ್ ಸಾಬ್ ಜಿಲ್ಲಾ ಪರಿಷತ್ತುಗಳಿಗೆ ಎಂಥ ಅಧಿಕಾರ ಕೊಡಿಸಿದರು ಎಂಬುದನ್ನು ತಿಳಿದುಕೊ. ಸ್ಕಾಟ್ಲೆಂಡಿನ ಸಂಸತ್ತಿಗೂ ಲಂಡನ್ನಿಗೂ ಇರುವ ತಿಕ್ಕಾಟದ ಪಾಠ ಬಂದಾಗ ಬೊಮ್ಮಾಯಿ ಪ್ರಕರಣ ನಿನ್ನ ಕೈಯಲ್ಲಿರಬೇಕು. 1989ರಲ್ಲಿ ಸದನದಲ್ಲಿ ಬಲ ತೋರಿಸಲು ಅವಕಾಶ ಕೊಡದೆ ಕೇಂದ್ರವು ಎಸ್.ಆರ್. ಬೊಮ್ಮಾಯಿಯವರ ರಾಜ್ಯ ಸರ್ಕಾರವನ್ನು ವಜಾ ಮಾಡಿತು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರಲ್ಲಿ ಹೇಳಿತು. ನಿನ್ನ ಸಹಪಾಠಿಗಳಿಗೆ ಗೊತ್ತಿರುವ ಭಾರತ ದೆಹಲಿಯಲ್ಲೇ ಮುಗಿದುಹೋಗುತ್ತದೆ. ಬೆಂಗಳೂರು ಎಂದರೆ ಅವರಿಗೆ ಸಾಫ್ಟ್‌ವೇರು.

ಈಗ ಅಮ್ಮನ ಮಾತಿಗೆ ಬರುತ್ತೇನೆ. ಬರೀ ನೋಡುವುದಕ್ಕಲ್ಲ ತಂಗಿ. ಭಾರತದ ಪಾಸ್‌ಪೋರ್ಟ್ ಇರುವ ನೀನು ಕಾಮನ್‌ವೆಲ್ತ್ ದೇಶದ ಪ್ರಜೆ. ವೀಸಾ ಪಡೆದು ಇಲ್ಲಿ ವಾಸವಿದ್ದು ಹದಿನೆಂಟು ತುಂಬಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ನಿನಗೆ ಮತವಿದೆ. ನನ್ನ ಪಕ್ಕದ ಕೋಣೆಯ ಜರ್ಮನ್ ಹುಡುಗಿಗೆ ಆ ಹಕ್ಕು ಇರಲಿಲ್ಲ, ನನಗಿತ್ತು. ಸಾಮ್ರಾಜ್ಯ ಹೋದ ಮೇಲೂ ಉಳಿದುಕೊಂಡ ಲೆಕ್ಕ ಇದು. ಬಂದ ತಿಂಗಳೇ ಆನ್‌ಲೈನಿನಲ್ಲಿ ಹೆಸರು ನೋಂದಾಯಿಸಿಕೊ. ಈಗ ಇಂಗ್ಲೆಂಡಿನ ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ಕೇಳುತ್ತಾರೆ, ನಿನ್ನ ಪಾಸ್‌ಪೋರ್ಟೇ ಸಾಕು.

ಹಾಗಾಗಿ ನನ್ನ ಜೀವನದ ಮೊದಲ ಮತ ಬಿದ್ದದ್ದು ಇಂಗ್ಲೆಂಡಿನಲ್ಲಿ, ಒಂದು ಚರ್ಚಿನ ಸಭಾಂಗಣದಲ್ಲಿ. ಹಲಗೆಯಿಂದ ಮಾಡಿದ ಮರೆ, ದಾರಕ್ಕೆ ಕಟ್ಟಿದ ಮೋಟು ಪೆನ್ಸಿಲು. ಗುರುತು ಹಾಕಿ ಪೆಟ್ಟಿಗೆಗೆ ಹಾಕಿದ ಮೇಲೆ ಅಭ್ಯಾಸಬಲದಿಂದ ಎಡಗೈ ಮುಂದೆ ಚಾಚಿದೆ. ಮತ ಹಾಕಿದ ಅಭ್ಯಾಸವಲ್ಲ, ಅಪ್ಪ ಅಮ್ಮನ ಬೆರಳು ನೋಡಿದ ಅಭ್ಯಾಸ. ಅಧಿಕಾರಿಗೆ ಏನೆಂದೇ ತಿಳಿಯಲಿಲ್ಲ. ಇಲ್ಲಿ ಶಾಯಿ ಹಚ್ಚುವುದಿಲ್ಲ. 1962ರಿಂದ ನಮ್ಮ ದೇಶದ ಬೆರಳುಗಳಿಗೆಲ್ಲ ಮೈಸೂರಿನ ಬಣ್ಣದ ಕಾರ್ಖಾನೆಯಿಂದಲೇ ಶಾಯಿ ಹೋಗುತ್ತಿದೆ. ನನ್ನ ಬೆರಳಿಗೆ ಮಾತ್ರ ಅದು ಒಮ್ಮೆಯೂ ಬಿದ್ದಿಲ್ಲ.

ನನಗೆ ಹದಿನೆಂಟು ತುಂಬಿದ್ದು 2004ರ ಜೂನಿನಲ್ಲಿ, ಚುನಾವಣೆ ಮುಗಿದ ಮೇಲೆ. ಆಮೇಲೆ ಇಲ್ಲಿಗೆ ಬಂದೆ. ವಿದೇಶದಲ್ಲಿರುವ ಭಾರತೀಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ತಿದ್ದುಪಡಿ ಬಂದದ್ದು 2010ರಲ್ಲಿ, ಅದೂ ಖುದ್ದಾಗಿ ಬಂದು ಮತ ಹಾಕಬೇಕೆಂಬ ಷರತ್ತಿನ ಮೇಲೆ. 2013ರ ವಿಧಾನಸಭೆ ಚುನಾವಣೆಗೆ ರಜೆ ಸಿಗಲಿಲ್ಲ. ಮುಂದಿನದು ಬರುವಷ್ಟರಲ್ಲಿ ಇಲ್ಲಿನ ಪೌರತ್ವ ತೆಗೆದುಕೊಂಡಿದ್ದೆ. ಮಕ್ಕಳು, ಮನೆ, ಕೆಲಸ ಎಲ್ಲ ಲೆಕ್ಕ ಹಾಕಿ ಮಾಡಿದ ತೀರ್ಮಾನ ಅದು. ಇಂದು ಕೇಳಿದರೂ ಅದನ್ನೇ ಮಾಡುತ್ತೇನೆ. ಆದರೆ ಸಾಗರೋತ್ತರ ಭಾರತೀಯರ ಕಾರ್ಡಿನಲ್ಲಿ ವೀಸಾ ಇಲ್ಲದೆ ಬಂದು ಹೋಗಬಹುದು, ಮತ ಹಾಕುವಂತಿಲ್ಲ. ಬೇರೆಯವರ ಚುನಾವಣೆಗಳ ಬಗ್ಗೆ ಪುಟಗಟ್ಟಲೆ ಬರೆದವಳು ನಾನು. ಫಲಿತಾಂಶದ ದಿನ ಅಣ್ಣ ಫೋನಿನಲ್ಲಿ ನಮ್ಮ ಕ್ಷೇತ್ರದ ಸುತ್ತು ಸುತ್ತಿನ ಮುನ್ನಡೆ ಹೇಳುವಾಗ "ನಮ್ಮ" ಎನ್ನಲು ನಾಲಿಗೆ ಕೊಂಚ ತಡೆಯುತ್ತದೆ.

ಅದಕ್ಕೇ ಹೇಳುತ್ತೇನೆ, ಸೂಟ್‌ಕೇಸ್ ಕಟ್ಟುವ ಮೊದಲು ನಮೂನೆ 6 ತುಂಬಿ ಪಟ್ಟಿಗೆ ಹೆಸರು ಸೇರಿಸು. ಈಗ ಹದಿನೇಳು ತುಂಬಿದರೆ ಮುಂಗಡ ಅರ್ಜಿ ಹಾಕಬಹುದು, ಹದಿನೆಂಟು ತುಂಬಿತೇ ಎಂದು ನೋಡಲು ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ. ಹೊರಡುವ ಮೊದಲು ಯಾವ ಚುನಾವಣೆ ಬಂದರೂ, ಪಂಚಾಯಿತಿಯದೇ ಆಗಲಿ, ಸಾಲಿನಲ್ಲಿ ನಿಂತು ಮತ ಹಾಕಿ ಬಾ. ಇಲ್ಲಿ ನೆಲೆಸುವ ಹಾಗಾದರೆ ವಿದೇಶದಲ್ಲಿರುವ ಭಾರತೀಯ ಮತದಾರರಿಗಾಗಿ ನಮೂನೆ 6ಎ ಇದೆ. 2028ರ ವಿಧಾನಸಭೆ ಚುನಾವಣೆ ಇಲ್ಲಿನ ಪರೀಕ್ಷೆಯ ತಿಂಗಳಲ್ಲೇ ಬರಬಹುದು, ಆಗ ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು.

ಇನ್ನು ಕೆಲಸ. ಸುಳ್ಳು ಹೇಳುವುದಿಲ್ಲ, ಕಷ್ಟ ಹೆಚ್ಚಾಗಿದೆ. ಓದಿನ ನಂತರ ಉಳಿಯಲು ಕೊಡುತ್ತಿದ್ದ ಎರಡು ವರ್ಷವನ್ನು 2027ರ ಜನವರಿಯಿಂದ ಅರ್ಜಿ ಹಾಕುವ ಪದವೀಧರರಿಗೆ 18 ತಿಂಗಳಿಗೆ ಇಳಿಸಿದ್ದಾರೆ. ಆಮೇಲಿನ ಉದ್ಯೋಗ ವೀಸಾಕ್ಕೆ ಸಾಮಾನ್ಯ ಸಂಬಳದ ಮಿತಿ 41,700 ಪೌಂಡ್, ಹೊಸ ಪದವೀಧರರಿಗೆ ಕೊಂಚ ಕಡಿಮೆ. ರಾಜ್ಯಶಾಸ್ತ್ರ ಓದಿದವರಿಗೆ ಆರಂಭದಲ್ಲೇ ಅಷ್ಟು ಕೊಡುವ ಕಚೇರಿಗಳು ವಿರಳ. ನಾನು ನಗರಸಭೆಯ ಚುನಾವಣಾ ವಿಭಾಗದಲ್ಲಿದ್ದೇನೆ. ಎಣಿಕೆಯ ರಾತ್ರಿ ಅನುಮಾನದ ಮತಪತ್ರಗಳನ್ನು ಒಂದೊಂದಾಗಿ ಅಭ್ಯರ್ಥಿಗಳ ಮುಂದೆ ಇಟ್ಟು ತೀರ್ಮಾನಿಸುತ್ತಾರೆ. ಗುರುತಿನ ಜಾಗದಲ್ಲಿ ನಗುಮುಖ ಬರೆದಿದ್ದರೂ ಉದ್ದೇಶ ಸ್ಪಷ್ಟವಿದ್ದರೆ ಮತ ಸಿಂಧು. ಸಂಬಳ ದೊಡ್ಡದಲ್ಲ, ಆದರೆ ಆ ಮೇಜಿನ ಬಳಿ ನಿಲ್ಲುವುದೆಂದರೆ ನನಗೆ ಇಷ್ಟ.

ಕೆಲಸ ಸಿಗುವ ನಮ್ಮ ಕಡೆಯ ಹುಡುಗ ಹುಡುಗಿಯರೆಲ್ಲ ಅಂಕಿಅಂಶ ಬಲ್ಲವರು: ಸಮೀಕ್ಷೆ ಮಾಡುವವರು, ದತ್ತಾಂಶ ನೋಡುವವರು. ಕಲಾ ವಿಭಾಗದವಳು ಎಂದು ಗಣಿತಕ್ಕೆ ಹೆದರಬೇಡ. ಹೆಚ್ಚಿನ ಕಡೆ ಮೊದಲ ವರ್ಷದ ಅಂಕ ಪದವಿಯ ದರ್ಜೆಗೆ ಸೇರುವುದಿಲ್ಲ, ಅಂಕಿಅಂಶದ ಪಾಠವನ್ನು ಆಗಲೇ ಆರಿಸಿಕೊ. ವಿಷಯಗಳ ಪಟ್ಟಿ ಕೈಗೆ ಬಂದಾಗ ನನಗೂ ಒಂದು ಪ್ರತಿ ಕಳಿಸು, ಯಾವುದನ್ನು ಬಿಡಬಹುದೆಂದು ಕುಳಿತು ನೋಡೋಣ.