ಹೆಡ್‌ಫೋನ್ ಪ್ಯಾಡ್ ಬದಲಿಸಿದ ಮೇಲೆ ಬೇಸ್ ಹೋಗಿದ್ದಕ್ಕೆ

ಬಳ್ಳಾರಿ ಬಿಸಿಲಿಗೆ ಕಿವಿ ಬೆವರುತ್ತೆ ಅಂತ ಹೆಡ್‌ಫೋನಿನ ಲೆದರೆಟ್ (ಕೃತಕ ಚರ್ಮದ) ಪ್ಯಾಡ್ ತೆಗೆದು ವೆಲ್ವೆಟ್ ಪ್ಯಾಡ್ ಹಾಕಿದ ಮೇಲೆ ಬೇಸ್ (ತಗ್ಗಿನ ದನಿ) ಹೋಯಿತು ಅಂದಿರಲ್ಲ, ಗಾಳಿ ಸೋರುತ್ತಿರಬೇಕು. ಓಪನ್ ಬ್ಯಾಕ್ (ಕಪ್‌ನ ಹಿಂಬದಿ ತೆರೆದಿರುವ ಹೆಡ್‌ಫೋನ್) ಆದರೂ ಪ್ಯಾಡ್ ಕಿವಿಯ ಸುತ್ತ ಬಿಗಿಯಾಗಿ ಕೂರಬೇಕು, ಅಲ್ವಾ. ಮೊದಲು ಹಾಡು ಹಾಕಿ ಎರಡೂ ಕಪ್ ಮೆಲ್ಲಗೆ ಒತ್ತಿ. ಬೇಸ್ ಬಂತಾ? ಹಾಗಾದರೆ ಪ್ಯಾಡ್ ತೆಗೆದು ಅಂಚನ್ನು ಸುತ್ತಲೂ ಮತ್ತೆ ಕೂರಿಸಿ. ನನ್ನದರಲ್ಲಿ ಒಂದು ಕಡೆ ಉಗುರಿನಷ್ಟು ಎದ್ದಿತ್ತು, ಅಷ್ಟಕ್ಕೇ ತಬಲಾದ ಎಡಗೈ ಪೆಟ್ಟು ಸತ್ತುಹೋಗಿತ್ತು! ಕನ್ನಡಕದ ಕಡ್ಡಿಯಿಂದಲೂ ಸೋರುತ್ತೆ, ತೆಗೆದು ಕೇಳಿ.

ಪ್ಯಾಡ್ ಬಿಚ್ಚಿದಾಗ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಮುಂದಿನ ತೆಳು ಫೋಮ್ ನೋಡಿ. ನಮ್ಮೂರಿನ ಕೆಂಪು ಧೂಳು ಕೂತಿದ್ದರೆ ಸೋಪುನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಡ್ರೈವರ್ ಮಾತ್ರ ಮುಟ್ಟಬೇಡಿ, ಊದಲೂಬೇಡಿ.

ಇಷ್ಟಾದರೂ ಸಾಲದಿದ್ದರೆ ಚರ್ಮಕ್ಕೆ ತಾಗುವ ಕಡೆ ಬಟ್ಟೆ, ಪಕ್ಕದಲ್ಲಿ ಲೆದರೆಟ್ ಇರುವ ಪ್ಯಾಡ್ ತಗೊಳ್ಳಿ. ಒತ್ತಿದರೂ ಬೇಸ್ ಬರದಿದ್ದರೆ ಕಾರಣ ಬೇರೆ ಇರಬಹುದು, ಮೊದಲು ಕೇಬಲ್ ಬದಲಿಸಿ ನೋಡಿ.