ಹೊಸದಾಗಿ ಕಟ್ಟುತ್ತಿರುವ ಫುಟ್‌ಬಾಲ್ ತಂಡ ದುಬಾರಿ ಹಿರಿಯ ಆಟಗಾರನನ್ನು ಕೊಳ್ಳಬೇಕೆ?

ಸಾಮಾನ್ಯವಾಗಿ ಬೇಡ, ಆದರೆ ಇಲ್ಲಿ ವಯಸ್ಸಿಗಿಂತ ಒಪ್ಪಂದದ ಸ್ವರೂಪವೇ ಮುಖ್ಯ. (ದಾವಣಗೆರೆಯ ನಮ್ಮ ಗೆಳೆಯರ ಚರ್ಚೆಯಲ್ಲಿ ಮಾತ್ರ ಪ್ರತಿಸಲವೂ ಗೆಲ್ಲುವುದು ಆಟಗಾರನ ಹೆಸರು, ಲೆಕ್ಕವಲ್ಲ.) ಇಂಗ್ಲೆಂಡಿನ ಚೆಲ್ಸಿ ಕ್ಲಬ್ 2020ರಲ್ಲಿ 35 ವರ್ಷದ ರಕ್ಷಣಾ ಆಟಗಾರ ಥಿಯಾಗೊ ಸಿಲ್ವಾ ಅವರನ್ನು ಹಳೆಯ ಕ್ಲಬ್‌ಗೆ ಕೊಡುವ ವರ್ಗಾವಣೆ ಶುಲ್ಕವಿಲ್ಲದೆ, ಮೊದಲಿಗೆ ಒಂದೇ ವರ್ಷದ ಮಟ್ಟಿಗೆ ಕರೆತಂದು, ಮರುವರ್ಷ ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಇಂಗ್ಲೆಂಡಿನದೇ ಮ್ಯಾಂಚೆಸ್ಟರ್ ಯುನೈಟೆಡ್ 2022ರಲ್ಲಿ 30 ವರ್ಷದ ಮಧ್ಯಸಾಲಿನ ಆಟಗಾರ ಕ್ಯಾಸೆಮಿರೊ ಅವರಿಗಾಗಿ ಸುಮಾರು 6 ಕೋಟಿ ಪೌಂಡ್ ತೆತ್ತು ನಾಲ್ಕು ವರ್ಷಗಳ ಒಪ್ಪಂದ ನೀಡಿತು. ಮೊದಲ ಋತುವಿನಲ್ಲಿ ಅವರು ಲೀಗ್ ಕಪ್ ಫೈನಲ್‌ನಲ್ಲಿ ಗೋಲು ಹೊಡೆದರೂ, ಎರಡನೆಯ ಋತುವಿನಲ್ಲಿ ವೇಗ ಕುಗ್ಗಿತು, ಆ ವಯಸ್ಸಿನ ಆಟಗಾರನನ್ನು ಅಷ್ಟು ಸಂಬಳಕ್ಕೆ ಮರಳಿ ಕೊಳ್ಳುವವರು ಸಿಗುವುದೂ ಕಷ್ಟ. ಆದ್ದರಿಂದ ಶುಲ್ಕವಿಲ್ಲದೆ, ಒಂದು ವರ್ಷದ ಮಟ್ಟಿಗೆ, ಓಟಕ್ಕಿಂತ ಸ್ಥಾನಪ್ರಜ್ಞೆ ಬೇಡುವ ರಕ್ಷಣಾ ಸಾಲಿಗಾದರೆ ತರಬಹುದು. ಬೆಳೆಯುತ್ತಿರುವ ಹುಡುಗನ ಜಾಗ ಕಿತ್ತುಕೊಳ್ಳುವಂತಿದ್ದರೆ ಪುಕ್ಕಟೆ ಸಿಕ್ಕರೂ ಬೇಡ.