ಸ್ಲೈಡಿನಲ್ಲಿ ನಮ್ಮದೇ ಎಂಟ್ರನ್ಸ್ ಅನಿಮೇಷನ್ ಮಾಡುವುದು ಹೇಗೆ?

ಜೋಗದ ಸ್ಲೈಡಿಗೆ ನಾಲ್ಕು ಧಾರೆ ಮೇಲಿಂದ ಇಳಿಯಬೇಕು, ಹಲಸಿನ ಎಲೆಯೊಂದು ಓಲಾಡುತ್ತ ಬಂದು ಶೀರ್ಷಿಕೆಯ ಪಕ್ಕ ನಿಲ್ಲಬೇಕು, ಪವರ್‌ಪಾಯಿಂಟಿನಲ್ಲಿ ಅಂಥ ಎಂಟ್ರನ್ಸ್ (ವಸ್ತು ಸ್ಲೈಡಿಗೆ ಬರುವ ಬಗೆ) ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಸಿಗುವುದಿಲ್ಲ. ಹೊಸ ಎಂಟ್ರನ್ಸ್ ಸೃಷ್ಟಿಸುವ ಬಟನ್ನೇ ಅದರಲ್ಲಿಲ್ಲ. ಇರುವ ಎಫೆಕ್ಟ್‌ಗಳನ್ನೇ ಒಂದರ ಮೇಲೊಂದು ಪೇರಿಸಬೇಕು.

ಧಾರೆಗಳ ಕೆಲಸ ಸುಲಭ. ಎಡದಿಂದ ರಾಜಾ, ರೋರರ್, ರಾಕೆಟ್, ರಾಣಿ. ನಾಲ್ಕನ್ನೂ ಬೇರೆ ಬೇರೆ ಫ್ರೀಫಾರ್ಮ್ ಆಕಾರವಾಗಿ ಬಿಡಿಸಿ, ವೈಪ್ ಕೊಡಿ, ಅಂದರೆ ಆಕಾರ ಒಂದು ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಳ್ಳುವ ಎಫೆಕ್ಟ್. ವೈಪ್ ತಾನಾಗಿ ಕೆಳಗಿನಿಂದ ಶುರುವಾಗುತ್ತದೆ, ಹಾಗೇ ಬಿಟ್ಟರೆ ಶರಾವತಿ ಗುಡ್ಡ ಹತ್ತುತ್ತಾಳೆ! ಎಫೆಕ್ಟ್ ಆಪ್ಷನ್ಸ್‌ನಲ್ಲಿ ಫ್ರಮ್ ಟಾಪ್ ಆರಿಸಿ. ಅವಧಿ 1.5 ಸೆಕೆಂಡ್. ಮೊದಲನೆಯದು ಆನ್ ಕ್ಲಿಕ್, ಉಳಿದವು ವಿತ್ ಪ್ರೀವಿಯಸ್ (ಹಿಂದಿನದರ ಜೊತೆಗೇ ಶುರು), ಡಿಲೇ 0.2, 0.5, 0.3 ಹೀಗೆ ಏರುಪೇರಾಗಿರಲಿ. ಒಟ್ಟಿಗೇ ಇಳಿದರೆ ಪರದೆ ಬಿಟ್ಟ ಹಾಗೆ ಕಾಣುತ್ತದೆ. ಅನಿಮೇಷನ್ ಕೊಟ್ಟಮೇಲೆ ಗ್ರೂಪ್ ಮಾಡಬೇಡಿ, ಕೊಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ಎಲೆಗೆ ಮೂರು ಪದರ ಬೇಕು. ಎಲೆಯನ್ನು ಕೊನೆಗೆ ಎಲ್ಲಿ ನಿಲ್ಲಬೇಕೋ ಅಲ್ಲೇ ಇಡಿ. ಮೊದಲು ಅಪಿಯರ್ ಕೊಡಿ. ಇದನ್ನು ಮರೆತರೆ ಎಲೆ ಮೊದಲೇ ಅಲ್ಲಿ ಕೂತಿರುತ್ತದೆ, ಕ್ಲಿಕ್ ಮಾಡಿದಾಗ ಮೇಲಕ್ಕೆ ಹಾರಿ ಮತ್ತೆ ಬೀಳುತ್ತದೆ.

ಎರಡನೆಯದು ಮೋಷನ್ ಪಾತ್, ಅಂದರೆ ಎಲೆ ಸಾಗುವ ದಾರಿ. ಗ್ಯಾಲರಿಯಿಂದ ಆರಿಸಿದರೆ ಹಿಂದಿನ ಎಫೆಕ್ಟ್ ಹೋಗಿ ಇದು ಕೂರುತ್ತದೆ. ಹಾಗಾಗಿ ಆಡ್ ಅನಿಮೇಷನ್ ಒತ್ತಿ ಕಸ್ಟಮ್ ಪಾತ್ ತೆಗೆದುಕೊಳ್ಳಿ. ಮೌಸ್ ಹಿಡಿದೆಳೆದು ಬಿಡಿಸಬೇಡಿ, ಕೈಯ ನಡುಕವೆಲ್ಲ ಎಲೆಗೂ ಬರುತ್ತದೆ. ಎಲೆಯಿಂದಲೇ ಶುರುಮಾಡಿ, ಮೇಲಕ್ಕೆ ಅಂಕುಡೊಂಕಾಗಿ ನಾಲ್ಕೈದು ಕಡೆ ಕ್ಲಿಕ್ ಮಾಡಿ, ಸ್ಲೈಡಿನ ಆಚೆ ಡಬಲ್ ಕ್ಲಿಕ್‌ನಿಂದ ಮುಗಿಸಿ. ಆಮೇಲೆ ಎಡಿಟ್ ಪಾಯಿಂಟ್ಸ್‌ಗೆ ಹೋಗಿ ಒಂದೊಂದು ಬಿಂದುವಿನ ಮೇಲೂ ರೈಟ್ ಕ್ಲಿಕ್, ಸ್ಮೂತ್ ಪಾಯಿಂಟ್. ಕೊನೆಗೆ ರಿವರ್ಸ್ ಪಾತ್ ಡೈರೆಕ್ಷನ್. ಈಗ ಎಲೆ ಹೊರಗಿನಿಂದ ಬಂದು ತನ್ನ ಜಾಗಕ್ಕೇ ಸೇರುತ್ತದೆ. ಎಲೆಯನ್ನೇ ಸ್ಲೈಡಿನ ಆಚೆ ಇಟ್ಟು ಒಳಕ್ಕೆ ಪಾತ್ ಎಳೆದರೂ ಆಗುತ್ತದೆ, ಆದರೆ ಪ್ರಿಂಟ್ ಅಥವಾ ಪಿಡಿಎಫ್ ತೆಗೆದಾಗ ಎಲೆಯೇ ಇರುವುದಿಲ್ಲ. ಅದಕ್ಕೇ ನಾನು ರಿವರ್ಸ್ ದಾರಿಯನ್ನೇ ಹೇಳುವುದು. ಅವಧಿ 3 ಸೆಕೆಂಡ್.

ಮೂರನೆಯದು ಓಲಾಟ. ಮತ್ತೆ ಆಡ್ ಅನಿಮೇಷನ್‌ನಿಂದ ಸ್ಪಿನ್. ಅನಿಮೇಷನ್ ಪೇನ್‌ನಲ್ಲಿ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಅಮೌಂಟ್‌ನ ಕಸ್ಟಮ್ ಜಾಗದಲ್ಲಿ 20 ಬರೆದು ಎಂಟರ್ ಒತ್ತಿ. ಎಂಟರ್ ಒತ್ತದಿದ್ದರೆ ಹಳೆಯ 360 ಡಿಗ್ರಿಯೇ ಉಳಿದು ಎಲೆ ಗಿರಗಿಟ್ಟಲೆ ಆಗುತ್ತದೆ. ಆಟೋ ರಿವರ್ಸ್ ಟಿಕ್ ಮಾಡಿ. ಅದು ವಾಲಿದ ಎಲೆಯನ್ನು ವಾಪಸ್ ನೆಟ್ಟಗೆ ಮಾಡುತ್ತದೆ, ಸಮಯವೂ ಎರಡು ಪಟ್ಟಾಗುತ್ತದೆ. ಹಾಗಾಗಿ ಅವಧಿ 0.75, ರಿಪೀಟ್ 2 ಕೊಟ್ಟರೆ ಸರಿಯಾಗಿ 3 ಸೆಕೆಂಡ್. ಪಾತ್, ಸ್ಪಿನ್ ಎರಡೂ ವಿತ್ ಪ್ರೀವಿಯಸ್ ಇರಬೇಕು.

ಇದನ್ನು ಪ್ರೀಸೆಟ್ ಆಗಿ ಉಳಿಸಲು ಬರುವುದಿಲ್ಲ. ಇನ್ನೊಂದು ಎಲೆಗೂ ಇದೇ ಬೇಕಿದ್ದರೆ ಒಂದರ ಅನಿಮೇಷನ್ ಇನ್ನೊಂದಕ್ಕೆ ನಕಲಿಸುವ ಅನಿಮೇಷನ್ ಪೇಂಟರ್‌ನಿಂದ ಬಳಿಯಿರಿ.